ಮರಳಾಮೆಯ ಬೆನ್ನು ಎಣಿಸಿ ನೋಡಿ

ಕಡಲತೀರದಲ್ಲಿ ಮರಳಿನಿಂದ ಕೆತ್ತಿದ ಆಮೆ ಕಂಡರೆ ಮೊದಲು ಅದರ ಬೆನ್ನು ನೋಡಿ. ನಡುವೆ ಉದ್ದಕ್ಕೆ ಹೋಗುವ ಸಾಲನ್ನು ಬಿಟ್ಟು, ಅದರ ಎಡಕ್ಕೆ ಚಿಪ್ಪಿನ ಬಿಲ್ಲೆಗಳು, ಅಂದರೆ ಚಿಪ್ಪನ್ನು ಹೊದ್ದ ಹಲಗೆಗಳು ಎಷ್ಟಿವೆ, ಬಲಕ್ಕೆ ಎಷ್ಟಿವೆ ಎಂದು ಎಣಿಸಿ. ನಾಲ್ಕು ನಾಲ್ಕು ಇದ್ದರೆ ಕೆಳಗೆ ಎಷ್ಟು ದೊಡ್ಡ ಅಕ್ಷರದಲ್ಲಿ ‘ಆಲಿವ್ ರಿಡ್ಲಿ ಉಳಿಸಿ’ ಎಂದು ಬರೆದಿದ್ದರೂ ಅಲ್ಲಿ ಮಲಗಿರುವುದು ಆಲಿವ್ ರಿಡ್ಲಿ ಜಾತಿಯ ಕಡಲಾಮೆ ಅಲ್ಲ, ಹಸಿರು ಕಡಲಾಮೆ ಇಲ್ಲವೇ ಹಾಕ್ಸ್‌ಬಿಲ್. ರಿಡ್ಲಿಗೆ ಒಂದೊಂದು ಬದಿಗೆ ಸಾಮಾನ್ಯವಾಗಿ ಆರು ಅಥವಾ ಏಳು, ಕೆಲವೊಮ್ಮೆ ಒಂಬತ್ತರವರೆಗೂ ಬಿಲ್ಲೆಗಳಿರುತ್ತವೆ. ಎಡದಲ್ಲಿ ಆರು, ಬಲದಲ್ಲಿ ಏಳು ಇರುವುದೂ ಉಂಟು. ಉಳಿದ ಕಡಲಾಮೆಗಳಲ್ಲಿ ಹಸಿರು ಆಮೆಗೂ ಹಾಕ್ಸ್‌ಬಿಲ್‌ಗೂ ನಾಲ್ಕು ಜೊತೆ, ಲಾಗರ್‌ಹೆಡ್‌ಗೆ ಐದು. ಲೆದರ್‌ಬ್ಯಾಕ್‌ಗೆ ಬಿಲ್ಲೆಗಳೇ ಇಲ್ಲ. ಅದರ ಚರ್ಮದಂಥ ಬೆನ್ನಿನ ಮೇಲೆ ಉದ್ದುದ್ದಕ್ಕೆ ಏಳು ಏಣುಗಳು ಓಡುತ್ತವೆ.

ಇದು ಹಟಮಾರಿ ಲೆಕ್ಕಾಚಾರದಂತೆ ಕಾಣಬಹುದು. ಆದರೆ ನಾವು ಉಳಿಸಿ ಎಂದು ಕೇಳುತ್ತಿರುವುದು ಒಂದು ನಿರ್ದಿಷ್ಟ ಪ್ರಾಣಿಯನ್ನು. ಅದು ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ಬಲೆಗೆ ಬೀಳುತ್ತದೆ ಎಂಬುದೆಲ್ಲ ಅದರದ್ದೇ ಕಥೆ. ಆ ಕಥೆ ಹೇಳಲು ಹೊರಟವರು ಪ್ರಾಣಿಯ ಬೆನ್ನು ಎಣಿಸದೆ ಕೆತ್ತಿದರೆ, ಮುಂದಿನ ಮಾತನ್ನು ನೋಡುವವರು ಯಾಕೆ ನಂಬಬೇಕು? ಇನ್ನೂ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಒಂದು, ತಲೆಯನ್ನು ಅರ್ಧ ಚಿಪ್ಪಿನೊಳಗೆ ಎಳೆದುಕೊಂಡಂತೆ ಕೆತ್ತುವುದು. ಕಡಲಾಮೆಗೆ ತಲೆಯನ್ನಾಗಲಿ ಕಾಲನ್ನಾಗಲಿ ಒಳಗೆ ಎಳೆದುಕೊಳ್ಳಲು ಬರುವುದಿಲ್ಲ, ಅದು ಕೆರೆಯ ಆಮೆಯ ವಿದ್ಯೆ. ಎರಡು, ಕಾಲುಗಳಿಗೆ ಬೆರಳು ಬಿಡಿಸುವುದು. ಕಡಲಾಮೆಯ ಮುಂಗಾಲು ದೋಣಿಯ ಹುಟ್ಟಿನಂತೆ ಉದ್ದ, ಚಪ್ಪಟೆ. ಬೆರಳುಗಳೆಲ್ಲ ಒಳಗೇ ಸೇರಿಹೋಗಿವೆ, ಅಂಚಿನಲ್ಲಿ ಒಂದೆರಡು ಉಗುರು ಮಾತ್ರ ಹೊರಗೆ. ಬೆನ್ನಿನ ಮೇಲೆ ನಕ್ಷತ್ರ ಆಮೆಯಂತೆ ಗುಬ್ಬು ಗುಬ್ಬಾಗಿ ಷಟ್ಕೋನ ಎಬ್ಬಿಸುವವರೂ ಇದ್ದಾರೆ. ರಿಡ್ಲಿಯ ಚಿಪ್ಪು ನುಣುಪು. ಮೇಲಿನಿಂದ ನೋಡಿದರೆ ಅಗಲವಾದ ಹೃದಯದ ಆಕಾರ, ಉದ್ದಕ್ಕೂ ಅಗಲಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಒಡಿಶಾದಲ್ಲಿ ಮರಳು ಶಿಲ್ಪ ಹೊಸದಲ್ಲ. ರಥ ಎಳೆಯಲು ಬಿಡದೆ ಅವಮಾನಿಸಿದಾಗ ಕವಿ ಬಲರಾಮ ದಾಸ ಪುರಿಯ ಕಡಲತೀರಕ್ಕೆ ಹೋಗಿ ಜಗನ್ನಾಥ, ಬಲಭದ್ರ, ಸುಭದ್ರೆಯರನ್ನು ಮರಳಿನಲ್ಲೇ ಮಾಡಿ ಪೂಜಿಸಿದ ಎಂಬ ಐತಿಹ್ಯವಿದೆ. ನಮ್ಮ ಕಾಲದಲ್ಲಿ ಅದನ್ನು ಜಗತ್ತಿಗೆ ತೋರಿಸಿದವರು ಪುರಿಯವರೇ ಆದ ಸುದರ್ಶನ್ ಪಟ್ನಾಯಕ್. 2014ರಲ್ಲಿ ಪದ್ಮಶ್ರೀ ಪಡೆದ ಅವರು ಕಡಲಾಮೆಯನ್ನು ಮತ್ತೆ ಮತ್ತೆ ಮರಳಿಗೆ ತಂದಿದ್ದಾರೆ. ಡಿಸೆಂಬರ್ ಮೊದಲ ವಾರದಲ್ಲಿ ಕೊನಾರ್ಕ್ ಬಳಿಯ ಚಂದ್ರಭಾಗಾ ತೀರದಲ್ಲಿ ಅಂತರರಾಷ್ಟ್ರೀಯ ಮರಳು ಶಿಲ್ಪ ಉತ್ಸವವೂ ನಡೆಯುತ್ತದೆ. ಅದೇ ಕರಾವಳಿಯ ಗಹಿರ್ಮಾಥಾ, ದೇವಿ ನದಿಯ ಅಳಿವೆ ಮತ್ತು ಋಷಿಕುಲ್ಯದ ಅಳಿವೆಗೆ ರಿಡ್ಲಿಗಳು ಗುಂಪುಗುಂಪಾಗಿ ಬಂದು ಮೊಟ್ಟೆ ಇಡುತ್ತವೆ. 2025ರ ಫೆಬ್ರವರಿಯಲ್ಲಿ ಋಷಿಕುಲ್ಯ ಒಂದರಲ್ಲೇ ಆರೂವರೆ ಲಕ್ಷಕ್ಕೂ ಹೆಚ್ಚು ಆಮೆಗಳು ಮೇಲೆ ಬಂದವು. ಇಷ್ಟಿರುವಾಗ ಅಪಾಯವೆಲ್ಲಿ ಎಂದು ಯಾರಾದರೂ ಕೇಳುತ್ತಾರೆ. ಅದೇ ವರ್ಷದ ಜನವರಿಯಲ್ಲಿ ಚೆನ್ನೈ ಕಡಲತೀರದಲ್ಲಿ ನೂರಾರು ರಿಡ್ಲಿಗಳ ಹೆಣಗಳು ಬಂದು ಬಿದ್ದಿದ್ದವು. ಆಮೆ ಗಾಳಿ ಉಸಿರಾಡುವ ಪ್ರಾಣಿ. ಯಾಂತ್ರಿಕ ದೋಣಿ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯೊಳಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಇದ್ದು ನೀರಿನಲ್ಲೇ ಮುಳುಗಿ ಸಾಯುತ್ತದೆ. ಇಷ್ಟೊಂದು ತಾಯಿಯಾಮೆಗಳು ಎರಡು ಮೂರು ಅಳಿವೆಗಳನ್ನೇ ನಂಬಿಕೊಂಡಿರುವುದು ಬಲವೂ ಹೌದು, ದೌರ್ಬಲ್ಯವೂ ಹೌದು.

ಇನ್ನು ಮರಳಿನ ಮಾತು. ಒಣ ಮರಳು ನಿಲ್ಲುವುದಿಲ್ಲ, ನೀರಿನಲ್ಲಿ ಮುಳುಗಿದ ಮರಳೂ ನಿಲ್ಲುವುದಿಲ್ಲ. ಎರಡರ ನಡುವೆ, ಎರಡು ಕಣಗಳು ತಾಗುವಲ್ಲಿ ಕೂತ ನೀರಿನ ಪುಟ್ಟ ಸೇತುವೆ ಅವನ್ನು ಪರಸ್ಪರ ಎಳೆದು ಹಿಡಿಯುತ್ತದೆ. 2012ರಲ್ಲಿ ಪ್ರಕಟವಾದ ಒಂದು ಭೌತಶಾಸ್ತ್ರದ ಅಧ್ಯಯನದ ಪ್ರಕಾರ ಹಿಡಿತ ಗರಿಷ್ಠವಾಗಿರುವುದು ಗಾತ್ರದಲ್ಲಿ ಬರೀ ಶೇ 1ರಷ್ಟು ನೀರಿದ್ದಾಗ. ಕೆಲಸ ಮಾಡುವವರು ಹೇಳುವ ಲೆಕ್ಕ ಮಾತ್ರ ಬೇರೆ: ಎಂಟು ಬಕೆಟ್ ಮರಳಿಗೆ ಒಂದು ಬಕೆಟ್ ನೀರು. ಎರಡೂ ಸರಿ. ರಾಶಿ ಹಾಕುವಾಗ ಧಾರಾಳವಾಗಿ ನೀರು ಸುರಿಯುವುದು ಕಣಗಳು ಜಾರಿ ಒಂದರ ಸಂದಿಗೆ ಒಂದು ಕೂರಲಿ ಎಂದು. ಆ ನೀರಿನ ಬಹುಪಾಲು ಕೆಳಗೆ ಬಸಿದು ಹೋಗುತ್ತದೆ. ಕೆತ್ತುವ ಹೊತ್ತಿಗೆ ಉಳಿಯುವುದು ಹಿಡಿತಕ್ಕೆ ಬೇಕಾದಷ್ಟು ಮಾತ್ರ. ಬಸಿಯಲು ಬಿಡದೆ ಅವಸರಪಟ್ಟು ಕೆತ್ತಿದರೆ ಬದಿಗಳು ಗಂಜಿಯಂತೆ ಜಾರುತ್ತವೆ.

ಅದೇ ಅಧ್ಯಯನ ಇನ್ನೊಂದು ಉಪಯುಕ್ತ ಮಾತು ಹೇಳುತ್ತದೆ. ಮರಳಿನ ಕಂಬ ಎಷ್ಟು ಎತ್ತರ ನಿಲ್ಲಬಹುದು ಎಂಬುದು ಬುಡದ ಅಗಲದ ಜೊತೆ ಏರುತ್ತದಾದರೂ ಅದೇ ವೇಗದಲ್ಲಿ ಅಲ್ಲ. ಬುಡ ಇಮ್ಮಡಿಯಾದರೆ ಎತ್ತರ ಸುಮಾರು 1.6 ಪಟ್ಟು ಆಗುತ್ತದೆ. ಆಮೆ ಕೆತ್ತುವವರಿಗೆ ಇದು ತಲೆನೋವಲ್ಲ. ಆಮೆ ಎಂದರೆ ಗುಡ್ಡೆ, ಮರಳಿಗೆ ಹೇಳಿ ಮಾಡಿಸಿದ ಆಕಾರ. ಬಾಲ ಮೇಲೆತ್ತಿದ ತಿಮಿಂಗಿಲ ಮಾಡಲು ಹೋಗಿ ನಡುರಾತ್ರಿ ಕುಸಿದುಬಿದ್ದ ರಾಶಿ ನೋಡಿದವರಿಗೆ ಈ ಗುಡ್ಡೆಯ ಬೆಲೆ ಗೊತ್ತು.

ಎಷ್ಟು ಮರಳು ಬೇಕು? ಅಸಲಿ ರಿಡ್ಲಿಯ ಚಿಪ್ಪು 60ರಿಂದ 70 ಸೆಂಟಿಮೀಟರ್. ಅದೇ ಅಳತೆಯಲ್ಲಿ ಮಾಡಿದರೆ ತೆರೆದ ಕಡಲತೀರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಐದಾರು ಪಟ್ಟು ಹಿಗ್ಗಿಸಿ ಚಿಪ್ಪು 4 ಮೀಟರ್ ಉದ್ದ, 3.6 ಮೀಟರ್ ಅಗಲ, 1.2 ಮೀಟರ್ ಎತ್ತರ ಎಂದು ಇಟ್ಟುಕೊಳ್ಳಿ. ಅರ್ಧ ಮೊಟ್ಟೆಯ ಆಕಾರಕ್ಕೆ ಲೆಕ್ಕ ಹಾಕಿದರೆ ಚಿಪ್ಪಿಗೇ 9 ಘನ ಮೀಟರ್. ತಲೆ, ಕಾಲು ಸೇರಿ ಹತ್ತೂವರೆ. ಬಡಿದು ಗಟ್ಟಿ ಮಾಡುವಾಗ ಮರಳು ಕುಗ್ಗುವುದರಿಂದ ಸಡಿಲ ಮರಳು ನಾಲ್ಕನೇ ಒಂದು ಪಾಲು ಹೆಚ್ಚು ಬೇಕು, ಅಂದರೆ 13 ಘನ ಮೀಟರ್. ಗಾರೆ ಕೆಲಸದ ಬಾಂಡಲಿಯಲ್ಲಿ ಹೊತ್ತರೆ ಸಾವಿರದ ಮುನ್ನೂರು ಬಾಂಡಲಿ. ನೀರು 1,600 ಲೀಟರ್, 15 ಲೀಟರಿನ ಬಕೆಟ್‌ನಲ್ಲಿ ನೂರಕ್ಕೂ ಮೇಲೆ. ನಾಲ್ಕೈದು ಜನಕ್ಕೆ ಇದು ಪೂರ್ತಿ ಒಂದು ಹಗಲಿನ ಕೆಲಸ, ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಬರೀ ರಾಶಿ ಹಾಕುವುದರಲ್ಲೇ ಹೋಗುತ್ತದೆ. ಕೆತ್ತನೆ ಎಂದು ಫೋಟೊದಲ್ಲಿ ಕಾಣುವುದು ಕೊನೆಯ ಮೂರು ಗಂಟೆ.

ಮರಳನ್ನು ಮೊದಲು ಕೈಯಲ್ಲಿ ಪರೀಕ್ಷಿಸಬೇಕು. ಒದ್ದೆ ಮರಳನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ ಅಂಗೈ ಮೇಲೆ ಹೊರಳಿಸಿ. ಬಿರಿಯದೆ ಹೊರಳಿದರೆ ಒಳ್ಳೆಯ ಮರಳು. ಕಡಲ ಮರಳಿನ ಕಣಗಳು ಅಲೆಗೆ ಸವೆದು ದುಂಡಾಗಿರುತ್ತವೆ, ಹಾಗಾಗಿ ಜಾರುತ್ತವೆ. ಹೊಳೆಯ ಮರಳಿಗೆ ಇನ್ನೂ ಮೂಲೆಗಳಿರುತ್ತವೆ, ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತದೆ. ಅಳಿವೆಯ ಹತ್ತಿರದ ಮರಳು ಎರಡರ ನಡುವಿನದು, ಸ್ವಲ್ಪ ಮಣ್ಣಿನ ಅಂಶವೂ ಇದ್ದು ಚೆನ್ನಾಗಿ ಹಿಡಿಯುತ್ತದೆ. ಚಿಪ್ಪಿನ ಚೂರು ಹೆಚ್ಚಿದ್ದರೆ ಮೇಲ್ಪದರಕ್ಕೆ ಬರುವ ಮರಳನ್ನಾದರೂ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ಕರಣೆ ಎಳೆದಾಗ ಚೂರು ಸಿಕ್ಕಿಕೊಂಡು ಉದ್ದಕ್ಕೆ ಗೀರು ಬೀಳುತ್ತದೆ, ಅದು ಬರುವುದು ಸರಿಯಾಗಿ ಆಮೆಯ ಮುಖದ ಮೇಲೆಯೇ.

ರಾಶಿಯನ್ನು ಒಂದೇ ಸಲ ಸುರಿಯಬಾರದು. ಒಂದು ಗೇಣು ದಪ್ಪಕ್ಕೆ ಹರಡು, ನೀರು ಹಾಕು, ತುಳಿ, ದಮ್ಮಸ್ಸು ಬಡಿ, ಮತ್ತೆ ಹರಡು. ಹಳೆಯ ಮನೆಗಳ ನೆಲಕ್ಕೆ ದಮ್ಮಸ್ಸು ಹಾಕಿದವರಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಬಡಿಗೆ ‘ಧಪ್ ಧಪ್’ ಎಂದು ಮೆತ್ತಗೆ ಕೇಳಿದರೆ ಇನ್ನೂ ಗಾಳಿ ಇದೆ ಎಂದರ್ಥ. ಶಬ್ದ ಗಟ್ಟಿಯಾಗಿ ‘ಠಪ್’ ಎಂದರೆ ಪದರ ಕೂತಿತು. ಎಲ್ಲೋ ಒಂದು ಬಾಂಡಲಿ ಒಣ ಮರಳು ನಡುವೆ ಸೇರಿಹೋದರೆ ಅದು ಆಗ ಗೊತ್ತಾಗುವುದಿಲ್ಲ. ಎರಡು ಗಂಟೆ ಕಳೆದು ಅದರ ಮೇಲಿನ ಭಾಗ ಹೋಳು ಹೋಳಾಗಿ ಜಾರಿದಾಗ ಗೊತ್ತಾಗುತ್ತದೆ. ಕುಸಿದ ಜಾಗಕ್ಕೆ ಹಸಿ ಮರಳು ಮೆತ್ತಿ ಸರಿಪಡಿಸುವ ಆಸೆ ಬೇಡ. ಮೆತ್ತಿದ್ದು ಬೇರೆಯಾಗಿಯೇ ಒಣಗಿ ಬೇರೆಯಾಗಿಯೇ ಉದುರುತ್ತದೆ. ಅಲ್ಲಿ ಸ್ವಲ್ಪ ಆಳಕ್ಕೆ ಇಳಿದು, ಆಮೆಯ ಬೆನ್ನನ್ನೇ ಒಂದಿಷ್ಟು ತಗ್ಗಿಸಿ ಹೊಸದಾಗಿ ಕೆತ್ತುವುದು ಲೇಸು. ಮರಳಿನಲ್ಲಿ ತೆಗೆಯಬಹುದು, ಸೇರಿಸಲಾಗದು.

ಕೆತ್ತನೆ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಕೆಳಗೆ ಮುಗಿಸಿ ಮೇಲೆ ಹೋದರೆ ಉದುರಿದ ಮರಳೆಲ್ಲ ಮುಗಿದ ಕೆಲಸದ ಮೇಲೆ ಬೀಳುತ್ತದೆ. ಬಿಲ್ಲೆಗಳಿಗೆ ಕೈ ಹಚ್ಚುವ ಮೊದಲು ದಾರ ಹಿಡಿದು ಗುರುತು ಹಾಕಬೇಕು. ಕುತ್ತಿಗೆಯ ಹಿಂದೆ, ಚಿಪ್ಪಿನ ಮುಂದಿನ ಅಂಚಿನಲ್ಲಿ ಒಂದು ಅಗಲವಾದ ಬಿಲ್ಲೆ ಇರುತ್ತದೆ. ರಿಡ್ಲಿಯಲ್ಲಿ ಪಕ್ಕದ ಸಾಲಿನ ಮೊದಲನೆಯ ಬಿಲ್ಲೆ ಅದಕ್ಕೆ ತಾಗಿಕೊಂಡಿರುತ್ತದೆ, ಹಸಿರು ಆಮೆಯಲ್ಲಿ ತಾಗುವುದಿಲ್ಲ. ಇಲ್ಲಿಂದಲೇ ಎಣಿಕೆ ಶುರು ಮಾಡಿ ಬಾಲದವರೆಗೆ ಜಾಗ ಹಂಚಿಕೊಂಡರೆ ಕೊನೆಗೆ ಬಿಲ್ಲೆ ಹಿಡಿಸದೆ ಪೇಚಾಡುವುದು ತಪ್ಪುತ್ತದೆ. ಎಡ ಬಲ ಒಂದೇ ಥರ ಬರಲಿಲ್ಲ ಎಂದು ಕೊರಗಬೇಕಿಲ್ಲ, ಈ ಪ್ರಾಣಿಯಲ್ಲಿ ಅದೇ ಸಹಜ.

ಬಿಲ್ಲೆಗಳ ನಡುವಿನ ಗೆರೆಯನ್ನು ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಕೊರೆಯಬೇಕು. ಮರಳಿಗೆ ಒಂದೇ ಬಣ್ಣ, ಅಲ್ಲಿ ಚಿತ್ರ ಬರೆಯುವುದು ನೆರಳು. ನಡುಮಧ್ಯಾಹ್ನ ಅದೇ ಆಮೆ ಬರೀ ಗುಡ್ಡೆಯಾಗಿ ಕಾಣುತ್ತದೆ. ಪುರಿಯಲ್ಲಿ ಬೆಳಗಿನ ಬಿಸಿಲು ಕಡಲ ಕಡೆಯಿಂದ ಬೀಳುತ್ತದೆ, ನಮ್ಮ ಮಲ್ಪೆ, ಪಣಂಬೂರಿನಲ್ಲಿ ಸಂಜೆಯದು. ಆ ದಿಕ್ಕು ನೋಡಿಕೊಂಡು ಆಮೆಯನ್ನು ಅಡ್ಡಕ್ಕೆ ಮಲಗಿಸಿದರೆ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ.

ತಲೆ ಮತ್ತು ಮುಂಗಾಲು ಕಷ್ಟದ ಜಾಗ. ತಲೆಯನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸಲು ಹೋಗಬೇಡಿ, ಗಲ್ಲವನ್ನು ಮರಳಿಗೆ ಊರಿಸಿಯೇ ಬಿಡಿ. ಮೊಟ್ಟೆ ಇಟ್ಟು ದಣಿದ ಆಮೆ ಹಾಗೆಯೇ ಇರುತ್ತದೆ. ಕಣ್ಣಿನ ಕೆಳಗೆ ಸಣ್ಣ ಗೆರೆಯಲ್ಲಿ ನೀರು ಇಳಿದಂತೆ ತೋರಿಸಬಹುದು. ಅದು ದುಃಖದ ಕಣ್ಣೀರಲ್ಲ, ದೇಹದ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ನೀರು. ಜನ ಅಳು ಎಂದೇ ಓದಿಕೊಳ್ಳುತ್ತಾರೆ, ಇರಲಿ. ಮುಂಗಾಲಿನ ಅಂಚು ತೆಳ್ಳಗೆ ಕಾಣಬೇಕು, ಆದರೆ ನಿಜವಾಗಿ ತೆಳ್ಳಗೆ ಮಾಡಿದರೆ ಮೊದಲು ಒಣಗಿ ಉದುರುವುದೂ ಅದೇ. ಒಂದು ಗೇಣು ದಪ್ಪ ಉಳಿಸಿಕೊಂಡು ಅಂಚನ್ನು ಮಾತ್ರ ಕೆಳಗಿನಿಂದ ಓರೆಯಾಗಿ ಕತ್ತರಿಸಿದರೆ ಕೆಳಗೆ ನೆರಳು ಬಿದ್ದು ತೆಳುವಾಗಿ ಕಾಣುತ್ತದೆ. ಸಂದಿಯ ಪುಡಿಯನ್ನು ಕೈಯಿಂದ ಒರೆಸಬಾರದು. ಎಳನೀರಿನ ಸ್ಟ್ರಾದಿಂದ ಊದಿ ಹಾರಿಸಬೇಕು.

ಆಮೆಯ ಹಿಂದೆ ಅದರ ಹೆಜ್ಜೆಯನ್ನೂ ಮಾಡಿದರೆ ಚೆನ್ನ. ಇದನ್ನು ಮಾಡುವವರು ಕಡಿಮೆ, ತಪ್ಪಿಲ್ಲದೆ ಮಾಡುವವರು ಇನ್ನೂ ಕಡಿಮೆ. ಹಸಿರು ಆಮೆ ಎರಡೂ ಮುಂಗಾಲನ್ನು ಒಟ್ಟಿಗೆ ಎತ್ತಿ ಹಾಕುತ್ತದೆ, ಹಾಗಾಗಿ ಗುರುತು ಎಡಬಲ ಸಮ. ರಿಡ್ಲಿ ಒಂದಾದ ಮೇಲೆ ಒಂದು ಕಾಲು ಹಾಕುತ್ತದೆ, ಗುರುತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುತ್ತದೆ. ಬೆಳಗಿನ ಜಾವ ಗಸ್ತು ತಿರುಗುವ ಅರಣ್ಯ ಇಲಾಖೆಯವರೂ ಮೀನುಗಾರರೂ ಯಾವ ಆಮೆ ಬಂದಿತ್ತು ಎಂದು ಹೇಳುವುದು ಇದನ್ನು ನೋಡಿಯೇ. ಈ ಗುರುತನ್ನು ಶಿಲ್ಪದಲ್ಲಿ ಒಮ್ಮೆ ನೋಡಿದ ಶಾಲಾ ಮಗು ಮುಂದೆ ನಿಜವಾದದ್ದನ್ನು ಕಂಡಾಗ ಅದರ ಮೇಲೆ ಕಾಲಿಡದೆ ಸುತ್ತಿ ಹೋಗಬಹುದು.

ಗಾಳಿ ಮತ್ತು ಬಿಸಿಲಿಗೆ ಮೇಲ್ಪದರ ಒಣಗದಂತೆ ಆಗಾಗ ನೀರಿನ ತುಂತುರು ಹೊಡೆಯಬೇಕು. ತೋಟಕ್ಕೆ ಔಷಧ ಹೊಡೆಯುವ ಕೈಪಂಪು ಸಾಕು, ಆದರೆ ಹೊಸದು ಬೇಕು. ಔಷಧ ಕಂಡಿದ್ದನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಹೆಚ್ಚು ದಿನ ಉಳಿಯಲಿ ಎಂದು ಫೆವಿಕಾಲಿನಂಥ ಬಿಳಿ ಅಂಟನ್ನು ಹತ್ತು ಪಾಲು ನೀರಿಗೆ ಕಲಸಿ ಸಿಂಪಡಿಸುವುದು ಎಲ್ಲೆಡೆ ರೂಢಿ. ಪೇಟೆಯ ಮೈದಾನದಲ್ಲಿ ಅಥವಾ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಎಂ.ಎನ್. ಗೌರಿ ಮಾಡಿರುವ ಮರಳು ಶಿಲ್ಪ ಸಂಗ್ರಹಾಲಯದಂತೆ ಕಾಯಂ ಉಳಿಯಬೇಕಾದ ಕಡೆ ಇಂಥ ರಕ್ಷಣೆಗೆ ಅರ್ಥವಿದೆ. ಕಡಲತೀರದಲ್ಲಿ ಬೇಡ. ರಂಗೋಲಿ ಪುಡಿ, ಬಣ್ಣದ ಪುಡಿಗಳೂ ಬೇಡ. ಕಡಲನ್ನು ಉಳಿಸಿ ಎನ್ನುವ ಶಿಲ್ಪದಿಂದ ಅಂಟು ಮತ್ತು ಬಣ್ಣ ಕಡಲಿಗೆ ಇಳಿಯುವುದು ನೋಡಲು ಚೆಂದವಲ್ಲ.

ಮರಳು ಒಂದೆರಡು ದಿನದ ಮಾತು. ವರ್ಷಗಟ್ಟಲೆ ನಿಲ್ಲಬೇಕು ಎಂದವರು ಬಲೆ ಮತ್ತು ಪ್ಲಾಸ್ಟಿಕ್ಕಿಗೆ ಹೋಗುತ್ತಾರೆ. ಅಮೆರಿಕದ ಆರೆಗಾನ್ ಕರಾವಳಿಯ ಬ್ಯಾಂಡನ್ ಎಂಬ ಊರಿನಲ್ಲಿ ಏಂಜೆಲಾ ಹೇಸಲ್ಟೀನ್ ಪೊಜ್ಜಿ 2010ರಲ್ಲಿ ಶುರು ಮಾಡಿದ ‘ವಾಷ್ಡ್ ಅಶೋರ್’ ಯೋಜನೆ ದಡಕ್ಕೆ ಬಂದ ಕಸದಿಂದಲೇ ದೈತ್ಯ ಮೀನು, ಆಮೆ, ಸೀಲ್‌ಗಳನ್ನು ಕಟ್ಟುತ್ತದೆ. ಆಸ್ಟ್ರೇಲಿಯಾದ ಟಾರೆಸ್ ಜಲಸಂಧಿಯ ಎರುಬ್ ದ್ವೀಪದ ಕಲಾವಿದರು ಯಾರೋ ಕಡಲಲ್ಲಿ ಬಿಟ್ಟುಹೋದ ಬಲೆಗಳಿಂದ ಆಮೆ, ತೊರಕೆಗಳನ್ನು ಹೆಣೆಯುತ್ತಾರೆ. 2016ರಲ್ಲಿ ಅವು ಮೊನಾಕೊದ ಸಾಗರ ಸಂಗ್ರಹಾಲಯದವರೆಗೂ ಹೋದವು. ಬಲೆಯನ್ನು ತಲೆಮಾರುಗಳಿಂದ ಬಲ್ಲ ಕೈಗಳು ಬಲೆಗೆ ಬಲಿಯಾಗುವ ಪ್ರಾಣಿಯನ್ನೇ ಅದರಿಂದ ಮಾಡುವುದರಲ್ಲಿ ಯಾವ ಘೋಷಣೆಗೂ ಇಲ್ಲದ ಬಿಸಿ ಇದೆ.

ಮಾಡುವ ಬಗೆ ಹೀಗೆ. ಎರಡು ಮೀಟರ್ ಉದ್ದದ ಆಮೆಗೆ 8 ಮಿಲಿಮೀಟರ್ ಕಂಬಿ ಸುಮಾರು 25 ಮೀಟರ್ ಬೇಕು, ತೂಕ 10 ಕಿಲೊ. ಚಿಪ್ಪಿನ ಅಂಚಿಗೆ ಒಂದು ಬಳೆ, ಉದ್ದಕ್ಕೆ ಬೆನ್ನುಮೂಳೆಯಂತೆ ಮೂರು ಕಮಾನು, ಅಡ್ಡಕ್ಕೆ ಐದು, ಆಮೇಲೆ ತಲೆ ಕಾಲುಗಳ ಅಸ್ಥಿ. ಬೆಸುಗೆ ಹಾಕಿದ ಮೇಲೆ ಸತುವಿನ ಲೇಪ ಹಾಕಿಸಬೇಕು, ಕನಿಷ್ಠ ಎಪಾಕ್ಸಿ ಪ್ರೈಮರ್ ಆದರೂ ಬಳಿಯಬೇಕು. ಕರಾವಳಿಯ ಉಪ್ಪುಗಾಳಿಗೆ ಬರಿಯ ಕಂಬಿ ಎರಡು ಮಳೆಗಾಲದಲ್ಲಿ ಪುಡಿಯಾಗತೊಡಗುತ್ತದೆ, ತುಕ್ಕು ಮೊದಲು ಹಿಡಿಯುವುದು ಬೆಸುಗೆಯ ಗಂಟಿನಲ್ಲಿ. ಅಸ್ಥಿಯ ಮೇಲೆ ಕೋಳಿಗೂಡಿನ ಜಾಲರಿ, ಅದರ ಮೇಲೆ ಬಲೆ. ದಡದಲ್ಲಿ ಸಿಗುವ ಬಲೆ ಹೆಚ್ಚಾಗಿ ಪಾಲಿಥಿಲೀನ್ ಮತ್ತು ಪಾಲಿಪ್ರೊಪಿಲೀನ್, ಅವು ನೀರಿಗಿಂತ ಹಗುರ, ತೇಲಿ ಬರುತ್ತವೆ. ನೈಲಾನ್ ನೀರಿಗಿಂತ ಭಾರ, ಅದು ತಳದಲ್ಲೇ ಉಳಿದು ಮೀನು ಹಿಡಿಯುತ್ತಲೇ ಇರುತ್ತದೆ. ಅಂದರೆ ದಡದ ಕಸ ಕಡಲೊಳಗಿನ ಕಸದ ಪೂರ್ತಿ ಚಿತ್ರವಲ್ಲ, ಶಿಲ್ಪದ ಫಲಕದಲ್ಲಿ ಇದನ್ನೂ ಒಂದು ಸಾಲು ಬರೆಯಬಹುದು.

ಬಲೆಯನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಅಂಟಿದ ಚಿಪ್ಪುಹುಳುಗಳನ್ನು ಕೆರೆದು ಒಣಗಿಸದಿದ್ದರೆ ವಾರದೊಳಗೆ ನಾತ ಹೊಡೆಯುತ್ತದೆ. ಬಣ್ಣವಾರು ವಿಂಗಡಿಸಿಕೊಂಡರೆ ಹಸಿರು ಬಲೆ ಬೆನ್ನಿಗೆ, ಕಿತ್ತಳೆ ಹಗ್ಗ ಬಿಲ್ಲೆಯ ಅಂಚಿಗೆ ಎಂದು ಹೊಂದಿಸಬಹುದು. ಪಾಲಿಥಿಲೀನಿಗೆ ಅಂಟು ಹಿಡಿಯುವುದಿಲ್ಲ, ಇದು ಹೊಸಬರು ಕಲಿಯುವ ಮೊದಲ ಪಾಠ. ಬಲೆ ಹೆಣೆಯುವ ಸೂಜಿಯಿಂದ ಹೊಲಿಯಬೇಕು. ಚಪ್ಪಲಿ, ಮುಚ್ಚಳ, ತೇಲುಬುರುಡೆಗಳಿಗೆ ತೂತು ಕೊರೆದು ಸ್ಟೀಲ್ ತಂತಿಯಲ್ಲಿ ಕಟ್ಟಬೇಕು. ತಂತಿಯ ತುದಿ ಒಳಗೆ ಮಡಚಲೇಬೇಕು, ಮಕ್ಕಳು ಆಮೆಯ ಮೇಲೆ ಹತ್ತದೆ ಬಿಡುವುದಿಲ್ಲ. ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಒಂದೆರಡು ವರ್ಷದಲ್ಲಿ ಪುಡಿ ಪುಡಿಯಾಗಿ ಉದುರತೊಡಗುತ್ತದೆ. ಪ್ಲಾಸ್ಟಿಕ್ ಬೇಡ ಎನ್ನುವ ಶಿಲ್ಪವೇ ಮೈಕ್ರೊಪ್ಲಾಸ್ಟಿಕ್ ಸುರಿಸುತ್ತ ನಿಲ್ಲುತ್ತದೆ. ಮಾಡಿನ ಕೆಳಗೆ ಇಡಿ, ವರ್ಷಕ್ಕೊಮ್ಮೆ ತಟ್ಟಿ ನೋಡಿ, ಉದುರುತ್ತಿದ್ದರೆ ಬಿಚ್ಚಿ ಮರುಬಳಕೆಗೆ ಕಳಿಸಿ. ಉದ್ಘಾಟನೆಗೆ ಬರುವವರು ಸಿಗುತ್ತಾರೆ, ಬಿಚ್ಚಲು ಬರುವವರು ಸಿಗುವುದಿಲ್ಲ. ಅದಕ್ಕೂ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಇಷ್ಟೆಲ್ಲ ಮಾಡಿಯೂ ನೋಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕಡಲತೀರಕ್ಕೆ ಬಂದ ಪ್ರವಾಸಿ ಟ್ರಾಲ್ ಬಲೆ ಎಳೆಯುವವನಲ್ಲ. ಅವನಿಗೆ ‘ಆಮೆ ಉಳಿಸಿ’ ಎಂದರೆ ಹೂಂ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾನೆ. ಈ ವಿಷಯದಲ್ಲಿ ಗುಜರಾತ್‌ನ ಉದಾಹರಣೆ ಬೇರೆಯದೇ ದಾರಿ ತೋರಿಸುತ್ತದೆ. ಸೌರಾಷ್ಟ್ರದ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಅನ್ನು ಈಟಿಗೆ ಕಟ್ಟಿದ ಪೀಪಾಯಿಗಳಿಂದ ದಣಿಸಿ ಹಿಡಿಯುತ್ತಿದ್ದರು, ಅದಕ್ಕೆ ಅಲ್ಲಿನವರು ಇಟ್ಟ ಹೆಸರೇ ‘ಬ್ಯಾರೆಲ್’. ಯಕೃತ್ತಿನ ಎಣ್ಣೆ ದೋಣಿಗೆ ಬಳಿಯಲು, ಮಾಂಸ ರಫ್ತಿಗೆ. 2001ರಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಕಾಯ್ದೆ ಬಂದ ಮಾತ್ರಕ್ಕೆ ಮೀನುಗಾರರಿಗೆ ಗೊತ್ತಾಗಬೇಕಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಅಭಿಯಾನ ಶುರು ಮಾಡಿದವು. ಕಥಾವಾಚಕ ಮೊರಾರಿ ಬಾಪು ಅದಕ್ಕೆ ಹೊಸ ಹೆಸರು ಕೊಟ್ಟರು: ‘ವ್ಹಾಲಿ’, ಅಂದರೆ ಮುದ್ದಿನವಳು. ಹೆರಿಗೆಗೆ ತವರಿಗೆ ಬರುವ ಮಗಳು ಅವಳು ಎಂದರು. ಬಾಣಂತನಕ್ಕೆ ಬಂದ ಮಗಳ ಮೇಲೆ ಯಾರು ಈಟಿ ಎಸೆಯುತ್ತಾರೆ?

ಆ ಮಾತಿನ ಜೊತೆ ಊರೂರಿಗೆ ಹೋಗಿದ್ದು ಗಾಳಿ ತುಂಬಿದ, ನಿಜವಾದ ಗಾತ್ರದ ತಿಮಿಂಗಿಲ ಶಾರ್ಕ್. ಅದು ನುರಿತ ಕಲಾವಿದರು ಮೂಗು ಮುರಿಯುವಂಥ ಮಾಧ್ಯಮ. ಆದರೆ ಮಡಚಿದರೆ ಒಂದು ಟೆಂಪೊದಲ್ಲಿ ಹಿಡಿಸುತ್ತದೆ, ಬ್ಲೋವರ್ ಹಚ್ಚಿದರೆ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ನೋಡಬೇಕಾದವರ ಬಂದರಿಗೇ, ದೋಣಿ ಕಟ್ಟಿದ ಜಾಗಕ್ಕೇ ಹೋಗುತ್ತದೆ. ಅದರ ಹಿಂದೆ ಇನ್ನೂ ಗಟ್ಟಿಯಾದ ಒಂದು ಸಂಗತಿ ಇತ್ತು. ಬಲೆಗೆ ಬಿದ್ದ ಶಾರ್ಕ್ ಬಿಡಿಸಲು ಬಲೆ ಕತ್ತರಿಸಿದರೆ ಸರ್ಕಾರ ಬಲೆಗೆ ಪರಿಹಾರ ಕೊಡುತ್ತದೆ. ಇಲ್ಲಿಯವರೆಗೆ 900ಕ್ಕೂ ಹೆಚ್ಚು ಶಾರ್ಕ್‌ಗಳನ್ನು ಮೀನುಗಾರರೇ ಬಿಡಿಸಿ ಕಳಿಸಿದ್ದಾರೆ. ಪರಿಹಾರವಿಲ್ಲದೆ ಬರೀ ಗಾಳಿಗೊಂಬೆ ಹೋಗಿದ್ದರೆ ಮಕ್ಕಳು ನೋಡಿ ಕುಣಿದು ಮುಗಿಯುತ್ತಿತ್ತು ಎಂಬುದು ನಮ್ಮ ಅನಿಸಿಕೆ.

ಇಲ್ಲಿಯೂ ಎಣಿಸುವ ಕೆಲಸ ಇದೆ. ತಿಮಿಂಗಿಲ ಶಾರ್ಕ್‌ನ ಬಾಯಿ ಉಳಿದ ಶಾರ್ಕ್‌ಗಳಂತೆ ಮೂತಿಯ ಕೆಳಗಿಲ್ಲ, ಮುಂತುದಿಯಲ್ಲಿ ಅಗಲವಾಗಿ ತೆರೆಯುತ್ತದೆ. ಐದು ಕಿವಿರು ಸೀಳು. ಬಾಲ ನೆಟ್ಟಗೆ ನಿಂತಿರುತ್ತದೆ, ಅಡ್ಡ ಮಲಗಿದ ಬಾಲ ತಿಮಿಂಗಿಲದ್ದು. ಮೈಮೇಲಿನ ಬಿಳಿ ಚುಕ್ಕೆಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ಕಿವಿರಿನ ಹಿಂದಿನ ಚುಕ್ಕೆಗಳ ಫೋಟೊದಿಂದಲೇ ವಿಜ್ಞಾನಿಗಳು ಒಂದೊಂದು ಶಾರ್ಕನ್ನೂ ಗುರುತಿಸುತ್ತಾರೆ, ಅದಕ್ಕೆ ಬಳಸುವ ಲೆಕ್ಕ ಮೊದಲು ಹುಟ್ಟಿದ್ದು ಆಕಾಶದ ನಕ್ಷತ್ರ ಹೋಲಿಸಲು. ಹಾಗಾಗಿ ಮಾದರಿಗೆ ಬೇಕಾಬಿಟ್ಟಿ ಚುಕ್ಕೆ ಹಾಕುವ ಬದಲು ನಿಜವಾದ ಒಂದು ಶಾರ್ಕಿನ ಫೋಟೊ ನೋಡಿ ಹಾಕಿದರೆ ಅದು ಬರೀ ಜಾತಿಯ ಪ್ರತಿಮೆಯಾಗಿ ಉಳಿಯದೆ ಒಬ್ಬಳ ಚಿತ್ರವಾಗುತ್ತದೆ.

ಮರಳಾಮೆಗೂ ಇದೇ ಜಾಣತನ ಬೇಕು. ‘ಉಳಿಸಿ’ ಎಂದು ಬರೆಯುವ ಜಾಗದಲ್ಲಿ ಯಾರು ಏನು ಮಾಡಬಹುದೋ ಅದನ್ನೇ ಬರೆಯಿರಿ. ಮೀನುಗಾರಿಕಾ ಬಂದರಿನ ಹತ್ತಿರವಾದರೆ ಆಮೆಯ ಪಕ್ಕದಲ್ಲಿ ಟೆಡ್ ಮಾಡಿ ತೋರಿಸಿ: ಟ್ರಾಲ್ ಬಲೆಯ ಕುತ್ತಿಗೆಯಲ್ಲಿ ಕೂರಿಸುವ ಕಂಬಿಯ ಚೌಕಟ್ಟು, ಕಂಬಿಗಳ ನಡುವೆ 10 ಸೆಂಟಿಮೀಟರ್ ಸಂದಿ. ಸಿಗಡಿ ಸಂದಿಯಲ್ಲಿ ಹಿಂದಕ್ಕೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಮೇಲಿನ ಕಿಂಡಿಯಿಂದ ಹೊರಗೆ ಜಾರುತ್ತದೆ. ಹೋಟೆಲ್, ರೆಸಾರ್ಟ್‌ಗಳ ಸಾಲಿನ ಮುಂದೆಯಾದರೆ ‘ರಾತ್ರಿ ಕಡಲ ಕಡೆಯ ದೀಪ ಆರಿಸಿ’ ಎಂದು ಬರೆಯಿರಿ. ಮೊಟ್ಟೆಯೊಡೆದು ಬಂದ ನಾಲ್ಕು ಸೆಂಟಿಮೀಟರಿನ ಮರಿ ಬೆಳಕು ಹೆಚ್ಚಿರುವ ಕಡೆಗೆ ಓಡುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ದೀಪ ಉರಿಯುತ್ತಿದ್ದರೆ ಮರಿ ರಸ್ತೆಗೆ ಬರುತ್ತದೆ.

ಇಲ್ಲಿಗೆ ಬಂದಾಗ ಮರಳು ಶಿಲ್ಪದ ದೊಡ್ಡ ಮುಜುಗರ ಎದುರಾಗುತ್ತದೆ. ಉಬ್ಬರದ ನೀರು ತಾಗದ, ಗಟ್ಟಿಯಾದ, ಸಮತಟ್ಟು ಜಾಗ ಶಿಲ್ಪಿಗೆ ಬೇಕು. ರಿಡ್ಲಿ ಮೊಟ್ಟೆ ಇಡಲು ಹುಡುಕುವುದೂ ಅದೇ ಜಾಗವನ್ನು. ಉಬ್ಬರದ ಗೆರೆಯ ಮೇಲೆ, ಸುಮಾರು ಅರ್ಧ ಮೀಟರ್ ಆಳಕ್ಕೆ ಹೂಜಿಯ ಆಕಾರದ ಗುಂಡಿ ತೋಡಿ ನೂರರಿಂದ ನೂರಿಪ್ಪತ್ತು ಮೊಟ್ಟೆ ಇಡುತ್ತದೆ. ಮರಿ ಹೊರಬರಲು 45ರಿಂದ 60 ದಿನ. ಮೊಟ್ಟೆ ಇಟ್ಟು ಮುಚ್ಚಿದ ಮೇಲೆ ಅದು ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತ ತನ್ನ ಎದೆಚಿಪ್ಪಿನಿಂದಲೇ ಮರಳನ್ನು ಬಡಿದು ಕೂರಿಸುತ್ತದೆ, ನಮ್ಮ ದಮ್ಮಸ್ಸಿನ ಹಾಗೆಯೇ. ಅದು ನಲವತ್ತು ಕಿಲೊ ಆಮೆಯ ದಮ್ಮಸ್ಸು. ನಮ್ಮದು 20 ಟನ್ ರಾಶಿಯದು. ಅದರ ಅಡಿಯಲ್ಲಿ ಗೂಡು ಇದ್ದರೆ ಮರಿಗಳು ಮೇಲೆ ಬರುವ ಮಾತೇ ಇಲ್ಲ. ಪಕ್ಕದಲ್ಲಿ ಮರಳು ತೆಗೆದ ಗುಂಡಿಗೆ ಬಿದ್ದ ತಾಯಿಯಾಮೆ ಹತ್ತಿ ಬರಲಾಗದೆ ಬೆಳಗಿನ ಬಿಸಿಲಿಗೆ ಸಿಕ್ಕುತ್ತದೆ.

ಒಡಿಶಾದ ದೇವಿ, ಋಷಿಕುಲ್ಯದಂಥ ಅಳಿವೆಗಳ ಬಳಿ ನವೆಂಬರ್ 1ರಿಂದ ಮೇ 31ರವರೆಗೆ ದಡದಿಂದ 20 ಕಿಲೊಮೀಟರ್‌ವರೆಗೆ ಮೀನುಗಾರಿಕೆಗೆ ನಿರ್ಬಂಧ ಇರುವುದು ಈ ಆಮೆಗಳಿಗಾಗಿಯೇ, ಶಿಲ್ಪ ಉತ್ಸವದ ತಿಂಗಳೂ ಆ ಅವಧಿಯೊಳಗೇ ಬೀಳುತ್ತದೆ. ನಮ್ಮ ಹೊನ್ನಾವರದ ಕಾಸರಕೋಡು, ಕುಮಟಾ, ಕಾರವಾರ, ಕುಂದಾಪುರದ ಕಡೆಗೂ ಚಳಿಗಾಲದಲ್ಲಿ ರಿಡ್ಲಿಗಳು ಒಂದೊಂದಾಗಿ ಬಂದು ಮೊಟ್ಟೆ ಇಡುತ್ತವೆ. ಗುಂಪಾಗಿ ಬರದೆ ಒಂಟಿಯಾಗಿ ಬರುವುದರಿಂದ ಗೂಡು ಎಲ್ಲಿದೆ ಎಂದು ಊಹಿಸುವುದೂ ಕಷ್ಟ. ಆ ತಿಂಗಳುಗಳಲ್ಲಿ ಈ ತೀರಗಳಲ್ಲಿ ಶಿಲ್ಪ ಮಾಡುವವರು ಅರಣ್ಯ ಇಲಾಖೆಯವರನ್ನೂ ಊರಿನ ಮೀನುಗಾರರನ್ನೂ ಕೇಳಿ, ಗೂಡು ಇಲ್ಲದ, ಜನ ಓಡಾಡಿ ಆಗಲೇ ಗಟ್ಟಿಯಾದ ಜಾಗ ಆರಿಸಬೇಕು. ಸಾಧ್ಯವಾದರೆ ಊರೊಳಗಿನ ಮೈದಾನಕ್ಕೆ ಎರಡು ಲಾರಿ ಹೊಳೆಮರಳು ತರಿಸಿಕೊಳ್ಳುವುದೇ ಮೇಲು. ತೀರದಲ್ಲೇ ಆಗಬೇಕೆಂದರೆ ಮರಳನ್ನು ಉಬ್ಬರದ ಗೆರೆಯ ಕೆಳಗಿನಿಂದ ತೆಗೆಯಿರಿ, ಅಲ್ಲಿ ಗೂಡಿರುವುದಿಲ್ಲ, ಗುಂಡಿಯನ್ನು ಮುಂದಿನ ಉಬ್ಬರವೇ ತುಂಬುತ್ತದೆ. ಫ್ಲಡ್‌ಲೈಟ್ ಬೇಡವೇ ಬೇಡ.

ಸಂಜೆ ಕಡೆಯ ಫೋಟೊ ಆದ ಮೇಲೆ, ಕತ್ತಲಾಗುವ ಮೊದಲು ಶಿಲ್ಪವನ್ನು ಕೆಡವಬೇಕು. ಇದು ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ. ತಲೆಯಿಂದ ಶುರು ಮಾಡಿ, ಸಲಿಕೆಯಲ್ಲಿ ಬೆನ್ನು ಒಡೆದು, ರಾಶಿಯನ್ನು ತಂದ ಕಡೆಗೇ ಎಳೆದು ಹರಡಬೇಕು. ರಾಶಿ ಕೂತಿದ್ದ ಜಾಗ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅಲ್ಲಿ ಹಾರೆ ಹಾಕಿ ಅರ್ಧ ಮೀಟರ್ ಆಳದವರೆಗೆ ಮರಳನ್ನು ಸಡಿಲ ಮಾಡಬೇಕು, ಆಮೆಯ ಹಿಂಗಾಲು ತೋಡುವ ಆಳ ಅಷ್ಟು. ಹಗ್ಗ, ಗೂಟ, ಸ್ಟ್ರಾ, ಬಕೆಟ್ಟಿನ ಹಿಡಿ ಎಲ್ಲ ಎಣಿಸಿ ಚೀಲಕ್ಕೆ ಹಾಕಿ, ಟಾರ್ಚ್ ಆರಿಸಿ ಹೊರಡಿ.